ಸುಣ್ಣದ ಯಂತ್ರ ಮತ್ತು ನೀರಿನ ನಾಡಿ

(ವಾಚನಾಲಯದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ಈ ವಾರದ ಭಾಷಣದ ವಿಷಯವನ್ನು ಫಲಕದ ಮೇಲೆ ಬರೆದಾಗ ಕೆಲವು ಸ್ನೇಹಿತರಿಗೆ ಅದು ವಿಚಿತ್ರವಾಗಿ ಕಂಡಿತು. ಹವಳ ಸಾಕುವ ಗಾಜಿನ ತೊಟ್ಟಿ, ಆ ತೊಟ್ಟಿಗೆ ಸುಣ್ಣ ಒದಗಿಸುವ ಕ್ಯಾಲ್ಸಿಯಂ ರಿಯಾಕ್ಟರ್ ಎಂಬ ಯಂತ್ರ, ಆ ಯಂತ್ರವನ್ನು ಕಾಯುವ ಪಿಎಚ್ ಮಾಪಕ, ಇವೆಲ್ಲ ಸಿರಿವಂತರ ದಿವಾನಖಾನೆಯ ಸಾಮಾನುಗಳು. ಒಂದು ಖೋಲಿಯಲ್ಲಿ ಆರು ಜನ ಮಲಗುವ ನಮಗೆ ಇವುಗಳ ಗೊಡವೆ ಏಕೆ ಎಂದು ಅವರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ತೊಟ್ಟಿ ನಮ್ಮದಲ್ಲ, ನಿಜ. ಆದರೆ ಆ ತೊಟ್ಟಿಯ ಗಾಜು ಒರೆಸುವ ಕೈ, ನೀರು ಹೊರುವ ಹೆಗಲು, ಗುಳ್ಳೆ ಎಣಿಸುವ ಕಣ್ಣು ನಮ್ಮವರದೇ ಆಗಿರುವುದುಂಟು.

ಈ ಶಹರದ ದೊಡ್ಡ ಹೋಟೆಲುಗಳಲ್ಲಿ, ದವಾಖಾನೆಗಳಲ್ಲಿ, ಬಂಗಲೆಗಳಲ್ಲಿ ಇಂಥ ತೊಟ್ಟಿಗಳಿವೆ. ಅವನ್ನು ನೋಡಿಕೊಳ್ಳುವ ಕೆಲಸಕ್ಕೆ ಊರಿನಿಂದ ಬಂದ ತರುಣರು ಸೇರುತ್ತಾರೆ. ಒಂದು ಬೆಳಿಗ್ಗೆ ತೊಟ್ಟಿಯ ಪ್ರಾಣಿಗಳು ಸತ್ತಿದ್ದರೆ ಮಾಲೀಕರು ಮೊದಲು ಕೇಳುವುದು ಯಂತ್ರ ಮಾಡಿದವನನ್ನಲ್ಲ. ನಿನ್ನೆ ಅದರಲ್ಲಿ ಕೈಯಾಡಿಸಿದ ಹುಡುಗನನ್ನು. ಆಗ ಅವನನ್ನು ಕಾಪಾಡುವ ವಸ್ತುಗಳು ಎರಡೇ: ಒಂದು, ತಾನು ಮಾಡುವ ಕೆಲಸದ ತಿಳಿವಳಿಕೆ, ಇನ್ನೊಂದು, ದಿನವೂ ಬರೆದಿಟ್ಟ ಪುಸ್ತಕ. ಈ ಎರಡರ ವಿಷಯವಾಗಿಯೇ ನಾನು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಾನು ಮೆಟ್ರಿಕ್ ಮುಗಿಸಿ ಗಿರಣಿಯ ದಫ್ತರ ಸೇರಿದ ಕಾರಕೂನ, ರಸಾಯನಶಾಸ್ತ್ರದ ಪಂಡಿತನಲ್ಲ. ಆದರೆ ಈ ಯಂತ್ರಗಳ ಇಂಗ್ಲಿಷ್ ಕೈಪಿಡಿಗಳನ್ನು ಹಿಡಿದುಕೊಂಡು ಅರ್ಥ ಕೇಳಲು ಬರುವವರಿಗೆ ಉತ್ತರ ಹೇಳಬೇಕಾಗಿ ಬಂದಾಗ, ಓದಿ, ಕೇಳಿ, ಲೆಕ್ಕ ಹಾಕಿ ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಹವಳದ ಮಾತು. ನಮ್ಮ ಹೆಣ್ಣುಮಕ್ಕಳ ತಾಳಿಸರದಲ್ಲಿ ಪೋಣಿಸುವ ಕೆಂಪು ಹವಳ ಬೇರೆ ಜಾತಿಯದು. ನಾನು ಹೇಳುತ್ತಿರುವುದು ಬೆಚ್ಚನೆಯ ಕಡಲಿನಲ್ಲಿ ದಿಬ್ಬ ಕಟ್ಟುವ ಹವಳ. ಅದು ಕಲ್ಲಲ್ಲ, ಗಿಡವೂ ಅಲ್ಲ; ಸಣ್ಣ ಸಣ್ಣ ಪ್ರಾಣಿಗಳ ಸಂಸಾರ. ಒಂದೊಂದು ಪ್ರಾಣಿಯೂ ಸಮುದ್ರದ ನೀರಿನಿಂದ ಸುಣ್ಣದ ಅಂಶವನ್ನು ಹೀರಿ ತನ್ನ ಕೆಳಗೆ ತಾನೇ ಮನೆ ಕಟ್ಟಿಕೊಳ್ಳುತ್ತದೆ. ಉತ್ತರ ಕನ್ನಡದ ಮುರ್ಡೇಶ್ವರದಿಂದ ದೋಣಿಯಲ್ಲಿ ಹೋದರೆ ಸಿಗುವ ನೇತ್ರಾಣಿ ದ್ವೀಪದ ಸುತ್ತ ಇಂಥ ಹವಳಗಳಿವೆ. ಅಷ್ಟು ದೂರ ಏಕೆ, ನಮ್ಮ ಮುಂಬಯಿಯ ಹಾಜಿ ಅಲಿ, ವರ್ಲಿಯ ಬಂಡೆಗಳ ಮೇಲೂ ಇದ್ದವು. ಕೋಸ್ಟಲ್ ರೋಡಿನ ಕೆಲಸಕ್ಕಾಗಿ ೨೦೨೦ರಲ್ಲಿ ಸರಕಾರದ ಅನುಮತಿ ಪಡೆದು, ತಜ್ಞರ ಕೈಯಿಂದ ಅವನ್ನು ಬಿಡಿಸಿ ಬೇರೆ ಕಡೆಗೆ ಸಾಗಿಸಿದರು.

ಸಮುದ್ರದ ನೀರಿನಲ್ಲಿ ಸುಣ್ಣವಿದೆಯೇ ಎಂದು ಸಂಶಯ ಬರಬಹುದು. ಕಡಲ ನೀರನ್ನು ಉಪ್ಪಿನ ಆಗರದಲ್ಲಿ ಕಟ್ಟಿ ಬಿಸಿಲಿಗೆ ಬಿಟ್ಟಾಗ ಮೊದಲು ತಳಕ್ಕೆ ಇಳಿಯುವುದು ಉಪ್ಪಲ್ಲ, ಸುಣ್ಣದ ಅಂಶ. ಆಮೇಲೆ ಜಿಪ್ಸಂ, ಉಪ್ಪು ಅದರ ನಂತರ. ವಡಾಲದ ಆಗರಗಳಲ್ಲಿ ದುಡಿದ ಹಿರಿಯರು ಯಾರಾದರೂ ಇದ್ದರೆ ಹೊಂಡದಿಂದ ಹೊಂಡಕ್ಕೆ ನೀರು ಹಾಯಿಸಿದ ನೆನಪು ಅವರಿಗಿದ್ದೀತು. ಒಂದು ಲೀಟರು ಕಡಲ ನೀರಿನಲ್ಲಿ ನಾನೂರು ಮಿಲಿಗ್ರಾಮಿಗಿಂತ ಸ್ವಲ್ಪ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ.

ಕಡಲು ದೊಡ್ಡದು, ಹವಳ ಎಷ್ಟು ಹೀರಿದರೂ ಬರಿದಾಗುವುದಿಲ್ಲ. ತೊಟ್ಟಿ ಹಾಗಲ್ಲ. ಒಂದು ಲೆಕ್ಕ ಮಾಡೋಣ. ನಾನೂರು ಲೀಟರಿನ ತೊಟ್ಟಿ. ನೀರಿನ ಕ್ಷಾರತೆಯನ್ನು ಅಳೆಯಲು ಜರ್ಮನ್ ಡಿಗ್ರಿ ಎಂಬ ಮಾನವಿದೆ. ಒಂದು ಡಿಗ್ರಿ ಎಂದರೆ ಲೀಟರಿಗೆ ಸುಮಾರು ೧೮ ಮಿಲಿಗ್ರಾಂ ಸುಣ್ಣದ ಕಲ್ಲಿಗೆ ಸಮ. ಚೆನ್ನಾಗಿ ಬೆಳೆಯುವ ಹವಳಗಳು ದಿನಕ್ಕೆ ಒಂದು ಡಿಗ್ರಿ ಖರ್ಚು ಮಾಡಿದವೆಂದರೆ ತೊಟ್ಟಿಯಿಂದ ದಿನಕ್ಕೆ ಏಳು ಗ್ರಾಂ ಸುಣ್ಣದ ಕಲ್ಲು ಹೊರಟುಹೋಯಿತು. ವರ್ಷಕ್ಕೆ ಎರಡೂವರೆ ಕಿಲೋ. ಇಷ್ಟನ್ನು ಹಿಂದಕ್ಕೆ ಕೊಡದಿದ್ದರೆ ಕೆಲವೇ ದಿನಗಳಲ್ಲಿ ತೊಟ್ಟಿ ದಿವಾಳಿ. ಹಿಂದಕ್ಕೆ ಕೊಡುವ ಉಪಾಯಗಳಲ್ಲಿ ಒಂದು ಈ ಕ್ಯಾಲ್ಸಿಯಂ ರಿಯಾಕ್ಟರ್.

ಅದರ ಗುಟ್ಟು ನಾವೆಲ್ಲ ಶಾಲೆಯಲ್ಲಿ ನೋಡಿದ ಪ್ರಯೋಗದಲ್ಲೇ ಇದೆ. ಸುಣ್ಣದ ತಿಳಿಯನ್ನು ಗಾಜಿನ ನಳಿಗೆಯಲ್ಲಿ ಹಾಕಿ, ಮಾಸ್ತರರು ಹುಡುಗನೊಬ್ಬನಿಗೆ ಕೊಳವೆಯಿಂದ ಊದಲು ಹೇಳುತ್ತಿದ್ದರು. ಉಸಿರಿನ ಇಂಗಾಲಾಮ್ಲ ವಾಯು ತಗುಲಿ ತಿಳಿ ಹಾಲಿನಂತೆ ಬೆಳ್ಳಗಾಗುತ್ತಿತ್ತು. ಈ ವಾಯುವನ್ನೇ ಈಗಿನ ಪಠ್ಯಪುಸ್ತಕಗಳು ಇಂಗಾಲದ ಡೈಆಕ್ಸೈಡ್ ಎನ್ನುತ್ತವೆ; ಸೋಡಾ ಬುಡ್ಡಿಯಲ್ಲಿ ಬುಸುಗುಡುವುದೂ ಇದೇ. ಅಲ್ಲಿಗೆ ಪಾಠ ಮುಗಿಯಿತೆಂದು ನಾವು ತಿಳಿಯುತ್ತಿದ್ದೆವು. ಆದರೆ ಊದುವುದನ್ನು ನಿಲ್ಲಿಸದೆ ಮುಂದುವರಿಸಿದರೆ ಆ ಬಿಳಿ ಮತ್ತೆ ಮಾಯವಾಗಿ ನೀರು ತಿಳಿಯಾಗುತ್ತದೆ. ಮೊದಲು ಹುಟ್ಟಿದ ಬಿಳಿ ಪುಡಿ ಸುಣ್ಣದ ಕಲ್ಲು. ಹೆಚ್ಚಿನ ವಾಯುವಿನಿಂದ ನೀರು ಹುಳಿಯಾಗಿ ಆ ಕಲ್ಲನ್ನು ಕರಗಿಸಿಬಿಟ್ಟಿತು. ಈ ಎರಡನೆಯ ಹೆಜ್ಜೆಯೇ ನಮ್ಮ ಯಂತ್ರ. ಇದರ ತಿರುವುಮುರುವು ನೋಡಬೇಕಾದರೆ ಬೋರಿನ ನೀರು ಕಾಯಿಸುವ ಪಾತ್ರೆಯ ಒಳಗೆ ನೋಡಿ. ನೀರು ಕಾದಂತೆ ಆ ವಾಯು ಹಾರಿಹೋಗಿ, ಕರಗಿದ್ದ ಸುಣ್ಣ ಬಿಳಿಯ ಹೆಪ್ಪಾಗಿ ಕಟ್ಟುತ್ತದೆ. ಗಿರಣಿಯ ಬಾಯ್ಲರಿಗೆ ಹಿಡಿಯುವ ರೋಗವೂ ಇದೇ ಬಗೆಯದು.

ಯಂತ್ರ ನೋಡಲು ಸರಳ. ಒಂದು ಎತ್ತರದ ಮುಚ್ಚಿದ ಕೊಳವೆ. ಅದರ ತುಂಬ ಹವಳದ ಸುಣ್ಣದ ಹರಳುಗಳು. ತೊಟ್ಟಿಯ ನೀರು ಅದರೊಳಗೆ ಸಣ್ಣ ಧಾರೆಯಾಗಿ ಹೋಗುತ್ತದೆ. ಸಿಲಿಂಡರಿನಿಂದ ಇಂಗಾಲಾಮ್ಲ ವಾಯು ಗುಳ್ಳೆ ಗುಳ್ಳೆಯಾಗಿ ಬರುತ್ತದೆ. ಒಂದು ಪಂಪು ಆ ನೀರನ್ನೇ ಹರಳುಗಳ ನಡುವೆ ಸುತ್ತಿಸುತ್ತದೆ. ಹುಳಿ ನೀರು ಹರಳನ್ನು ಕರಗಿಸಿ, ಸುಣ್ಣ ತುಂಬಿಕೊಂಡು, ತೊಟ್ಟಿಕ್ಕುತ್ತ ತೊಟ್ಟಿಗೆ ಮರಳುತ್ತದೆ. ಜರ್ಮನಿಯ ಮತ್ಸ್ಯಪ್ರಿಯರಲ್ಲಿ ೧೯೯೦ರ ದಶಕದಲ್ಲಿ ಇದು ಬಳಕೆಗೆ ಬಂದು, ಅಲ್ಲಿಂದ ಎಲ್ಲೆಡೆ ಹಬ್ಬಿತು.

ಇನ್ನು ಪಿಎಚ್. ಇದೊಂದು ಅಳತೆ, ನೀರು ಹುಳಿಯೋ ಕ್ಷಾರವೋ, ಎಷ್ಟರ ಮಟ್ಟಿಗೆ, ಎಂಬುದನ್ನು ಹೇಳುವ ಅಂಕಿ. ಏಳು ನಡುಮಧ್ಯ, ಕೆಳಗೆ ಇಳಿದರೆ ಹುಳಿ, ಮೇಲೆ ಏರಿದರೆ ಕ್ಷಾರ. ನಿಂಬೆಹಣ್ಣಿನ ರಸ ಎರಡರ ಆಸುಪಾಸು. ಸುಣ್ಣದ ತಿಳಿ ಹನ್ನೆರಡರ ಮೇಲೆ. ನಮ್ಮ ಅಜ್ಜಿಯಂದಿರಿಗೆ ಈ ಶಾಸ್ತ್ರ ಗೊತ್ತಿತ್ತು. ಅರಿಶಿನದ ನೀರಿಗೆ ಚೂರು ಸುಣ್ಣ ಹಾಕಿ ಆರತಿಗೆ ಕೆಂಪು ಓಕುಳಿ ಮಾಡುತ್ತಿದ್ದರಲ್ಲವೇ? ಅರಿಶಿನ ಕ್ಷಾರದಲ್ಲಿ ಕೆಂಪಾಗುತ್ತದೆ, ನಿಂಬೆಹುಳಿ ಹಿಂಡಿದರೆ ಮತ್ತೆ ಹಳದಿ. ಬಣ್ಣದಿಂದ ತಿಳಿಯುವುದನ್ನು ಅಂಕಿಯಲ್ಲಿ ಹೇಳುವ ಕ್ರಮವನ್ನು ೧೯೦೯ರಲ್ಲಿ ಡೆನ್ಮಾರ್ಕಿನ ಸೊರೆನ್ಸನ್ ಎಂಬ ವಿಜ್ಞಾನಿ ಕಂಡುಹಿಡಿದರು. ಅವರು ಕೆಲಸ ಮಾಡುತ್ತಿದ್ದುದು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಾರಖಾನೆಯ ಪ್ರಯೋಗಶಾಲೆಯಲ್ಲಿ. ಮುಂದೆ ೧೯೩೪ರಲ್ಲಿ ಅಮೆರಿಕದ ಆರ್ನಲ್ಡ್ ಬೆಕ್‌ಮನ್, ನಿಂಬೆ ಜಾತಿಯ ಹಣ್ಣುಗಳ ರಸದ ಹುಳಿ ಅಳೆಯಬೇಕೆಂದು ಮಿತ್ರರೊಬ್ಬರು ಕೇಳಿದ್ದರಿಂದ, ವಿದ್ಯುತ್ತಿನ ಮಾಪಕವನ್ನು ಮಾಡಿಕೊಟ್ಟರು. ನೋಡಿ, ಎರಡೂ ಕಾರಖಾನೆಯ ಅಗತ್ಯದಿಂದ ಹುಟ್ಟಿದವು.

ಈ ಅಂಕಿಯಲ್ಲಿ ಒಂದು ಮೋಸವಿದೆ. ಲೆಕ್ಕ ಬರೆಯುವವರು ಗಮನಿಸಬೇಕು. ಒಂದು ಅಂಕಿ ಕೆಳಗಿಳಿದರೆ ಹುಳಿ ಒಂದು ಪಾಲು ಹೆಚ್ಚಿತೆಂದಲ್ಲ, ಹತ್ತು ಮಡಿಯಾಯಿತೆಂದು ಅರ್ಥ. ಬರೀ ೦.೩ ಇಳಿದರೂ ಹುಳಿ ಇಮ್ಮಡಿ. ಆದುದರಿಂದ ದಶಾಂಶ ಬಿಂದುವಿನ ಆಚೆಯ ಅಂಕಿಯನ್ನು ಚಿಲ್ಲರೆ ಎಂದು ಬಿಡುವಂತಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ರಿಯಾಕ್ಟರ್ ಇರುವ ತೊಟ್ಟಿಯಲ್ಲಿ ಪಿಎಚ್ ಒಂದಲ್ಲ, ಎರಡು. ಯಂತ್ರದ ಒಳಗಿನದು ಒಂದು, ತೊಟ್ಟಿಯದು ಇನ್ನೊಂದು. ಯಂತ್ರದೊಳಗೆ ನೀರು ಹುಳಿಯಾಗಿಯೇ ಇರಬೇಕು, ಸಾಮಾನ್ಯವಾಗಿ ೬.೫ ರಿಂದ ೬.೮. ಅದಕ್ಕಿಂತ ಮೇಲಿದ್ದರೆ ಹರಳು ಸರಿಯಾಗಿ ಕರಗುವುದಿಲ್ಲ, ೬.೩ ರ ಕೆಳಗೆ ಹೋದರೆ ಹರಳುಗಳು ಕೆಸರಾಗಿ ಅಂಟಿಕೊಂಡು ನೀರಿನ ದಾರಿಯನ್ನೇ ಕಟ್ಟಿಬಿಡುತ್ತವೆ. ತೊಟ್ಟಿಯಲ್ಲಿಯಾದರೋ ನೀರು ಕ್ಷಾರವಾಗಿರಬೇಕು, ೭.೮ ರಿಂದ ೮.೪ ರ ನಡುವೆ. ಹುಳಿಯ ಕೊಳವೆಯಿಂದ ಕ್ಷಾರದ ತೊಟ್ಟಿಗೆ ಹನಿ ಬೀಳುತ್ತಲೇ ಇರುವುದರಿಂದ ಒಂದರ ತಪ್ಪು ಇನ್ನೊಂದಕ್ಕೆ ತಗಲುತ್ತದೆ. ಒಂದನ್ನೇ ನೋಡಿ ಇನ್ನೊಂದನ್ನು ಬಿಟ್ಟವನು ಜಮೆ ಬರೆದು ಖರ್ಚು ಬರೆಯದ ಕಾರಕೂನನಂತೆ.

ಬಹಳ ಕಡೆ ಕಂಟ್ರೋಲರ್ ಎಂಬ ಪೆಟ್ಟಿಗೆ ಇರುತ್ತದೆ. ಅದರ ಪ್ರೋಬ್ ಯಂತ್ರದ ಒಳಗಿನ ಪಿಎಚ್ ನೋಡುತ್ತಿರುತ್ತದೆ. ಗೊತ್ತು ಮಾಡಿದ ಅಂಕಿಗೆ ಇಳಿದೊಡನೆ ಸೊಲೆನಾಯ್ಡ್ ವಾಲ್ವ್ ಮುಚ್ಚಿ ಅನಿಲ ನಿಲ್ಲುತ್ತದೆ; ಏರಿದರೆ ಮತ್ತೆ ತೆರೆಯುತ್ತದೆ. ಕಾವಲುಗಾರನಿದ್ದಾನೆಂದು ಮಾಲೀಕರಿಗೆ ನೆಮ್ಮದಿ. ಆದರೆ ಕಾವಲುಗಾರನಿಗೇ ಕಣ್ಣು ಮಂಜಾದರೆ? ಪ್ರೋಬ್ ಎಂಬುದು ತೆಳುವಾದ ಗಾಜಿನ ಬುರುಡೆ. ದಿನ ಕಳೆದಂತೆ ಅದಕ್ಕೆ ಪಾಚಿ, ಸುಣ್ಣ ಹಿಡಿಯುತ್ತದೆ, ವಯಸ್ಸೂ ಆಗುತ್ತದೆ. ಅದು ಸುಳ್ಳು ಹೇಳುವ ಬಗೆ ಎರಡು.

ಕಂಟ್ರೋಲರನ್ನು ೬.೬ ಕ್ಕೆ ಇಟ್ಟಿದ್ದೀರೆಂದು ತಿಳಿಯಿರಿ. ಪ್ರೋಬ್ ನಿಜಕ್ಕಿಂತ ೦.೩ ಹೆಚ್ಚು ತೋರಿಸುತ್ತಿದೆ. ನಿಜವಾದ ಪಿಎಚ್ ೬.೬ ಆದಾಗ ಅದು ೬.೯ ಎನ್ನುತ್ತದೆ, ವಾಲ್ವ್ ಮುಚ್ಚುವುದಿಲ್ಲ. ಅನಿಲ ಹರಿಯುತ್ತಲೇ ಹೋಗಿ ನಿಜವಾದ ಅಂಕಿ ೬.೩ ಕ್ಕೆ ಇಳಿದಾಗಲಷ್ಟೇ ನಿಲ್ಲುತ್ತದೆ. ಅಷ್ಟರಲ್ಲಿ ಹರಳು ಕೆಸರು, ತೊಟ್ಟಿಗೆ ಬೇಡದಷ್ಟು ಹುಳಿ. ಇನ್ನೊಂದು ಬಗೆ: ಪ್ರೋಬ್ ೦.೩ ಕಡಿಮೆ ತೋರಿಸುತ್ತಿದೆ. ಆಗ ನಿಜವಾದ ಪಿಎಚ್ ೬.೯ ಇರುವಾಗಲೇ ವಾಲ್ವ್ ಮುಚ್ಚಿಬಿಡುತ್ತದೆ. ಹರಳು ಸಾಕಷ್ಟು ಕರಗದು. ತೊಟ್ಟಿಯ ಕ್ಷಾರತೆ ದಿನ ದಿನವೂ ಕರಗುತ್ತ ಹೋಗುತ್ತದೆ. ಮೊದಲನೆಯದು ಬೇಗ ಕೊಲ್ಲುವ ಸುಳ್ಳು, ಎರಡನೆಯದು ಸಾವಕಾಶವಾಗಿ ಕೊಲ್ಲುವ ಸುಳ್ಳು. ಎರಡರಲ್ಲಿಯೂ ಪೆಟ್ಟಿಗೆಯ ಮೇಲಿನ ಅಂಕಿ ಮಾತ್ರ ಚೆಂದವಾಗಿಯೇ ಹೊಳೆಯುತ್ತಿರುತ್ತದೆ!

ಆದ್ದರಿಂದ ಕೆಲಸಗಾರನ ಮೊದಲ ಕರ್ತವ್ಯ ನೀರನ್ನು ಅಳೆಯುವುದಲ್ಲ, ಮಾಪಕವನ್ನೇ ಅಳೆಯುವುದು. ಕಿರಾಣಿ ಅಂಗಡಿಯ ತಕ್ಕಡಿಗೆ ಮುದ್ರೆ ಹಾಕಿದ ತೂಕದ ಕಲ್ಲು ಹೇಗೋ, ಹಾಗೆ ಪಿಎಚ್ ಮಾಪಕಕ್ಕೆ ಬಫರ್ ಎಂಬ ದ್ರಾವಣಗಳಿವೆ. ಅವುಗಳ ಅಂಕಿ ಮೊದಲೇ ಗೊತ್ತಿರುತ್ತದೆ. ಯಂತ್ರದೊಳಗಿನ ಪ್ರೋಬನ್ನು ೭ ಮತ್ತು ೪ ರ ದ್ರಾವಣಗಳಲ್ಲಿ ಸರಿಮಾಡಬೇಕು. ಅಳೆಯಬೇಕಾದ ನೀರು ಆ ಎರಡರ ನಡುವೆ ಇದೆ. ತೊಟ್ಟಿಯ ಪ್ರೋಬನ್ನು ೭ ಮತ್ತು ೧೦ ರಲ್ಲಿ. ತಿಂಗಳಿಗೊಮ್ಮೆಯಾದರೂ ಇದು ಆಗಬೇಕು. ಒಂದು ದ್ರಾವಣದಿಂದ ತೆಗೆದು ಇನ್ನೊಂದಕ್ಕೆ ಅದ್ದುವ ಮೊದಲು ಶುದ್ಧ ನೀರಿನಲ್ಲಿ ತೊಳೆಯಿರಿ. ಗಾಜನ್ನು ಉಜ್ಜಬೇಡಿ, ಮೆತ್ತನೆಯ ಕಾಗದದಿಂದ ಒತ್ತಿ ನೀರು ತೆಗೆಯಿರಿ. ಅಂಕಿ ನಿಲ್ಲುವ ತನಕ ಕಾಯಿರಿ. ಬಳಸಿದ ದ್ರಾವಣವನ್ನು ಸೀಸೆಗೆ ಹಿಂದಕ್ಕೆ ಸುರಿಯಬೇಡಿ. ಅದರಲ್ಲೂ ೧೦ ರ ದ್ರಾವಣ ಗಾಳಿಯ ಇಂಗಾಲಾಮ್ಲವನ್ನು ಹೀರಿ ಬೇಗ ಕೆಡುತ್ತದೆ. ಕೆಟ್ಟ ಕಲ್ಲಿನಿಂದ ತಕ್ಕಡಿ ಸರಿಮಾಡಿದಂತಾದೀತು. ಪ್ರೋಬನ್ನು ಒಣಗಲು ಬಿಡಬಾರದು. ತೆಗೆದಿಡುವುದಾದರೆ ಅದಕ್ಕೆಂದೇ ಇರುವ ಪೊಟ್ಯಾಸಿಯಂ ಕ್ಲೋರೈಡಿನ ದ್ರಾವಣದಲ್ಲಿ ಇಡಬೇಕು, ಬರೀ ಶುದ್ಧ ನೀರಿನಲ್ಲಿ ಅಲ್ಲ. ಸಾಮಾನ್ಯವಾಗಿ ಒಂದೆರಡು ವರ್ಷಕ್ಕೆ ಅದರ ಆಯುಷ್ಯ ತೀರುತ್ತದೆ. ಹೊಸದು ಬೇಕೆಂದು ಮಾಲೀಕರಿಗೆ ಮೊದಲೇ ಹೇಳಿಡಿ.

ಇನ್ನೊಂದು ಪರೀಕ್ಷೆಯನ್ನು ಮರೆಯಬೇಡಿ. ಪಂಪನ್ನೋ ಹೀಟರನ್ನೋ ಬಂದ್ ಮಾಡಿದಾಗ ಮಾಪಕದ ಅಂಕಿ ಥಟ್ಟನೆ ಜಿಗಿದರೆ, ನೀರಿನಲ್ಲಿ ವಿದ್ಯುತ್ ಸೋರುತ್ತಿರಬಹುದು. ಆಗ ಪಿಎಚ್ ಚಿಂತೆ ಬಿಡಿ. ಮೊದಲು ಕೈ ಹೊರಗೆ ತೆಗೆಯಿರಿ, ಮೇನ್ ಸ್ವಿಚ್ ಆರಿಸಿ, ಇಲೆಕ್ಟ್ರಿಶಿಯನ್ನರನ್ನು ಕರೆಸಿ. ಉಪ್ಪು ನೀರು ವಿದ್ಯುತ್ತಿಗೆ ರಾಜಮಾರ್ಗ. ಸೋರಿಕೆಯಾದರೆ ತಾನೇ ಕಡಿದುಬೀಳುವ ಬ್ರೇಕರ್ ಇಲ್ಲದ ತೊಟ್ಟಿಯಲ್ಲಿ ಕೆಲಸ ಮಾಡಲಾರೆ ಎನ್ನುವುದು ಹೆದರಿಕೆಯಲ್ಲ, ವಿವೇಕ.

ಮಾಪಕ ಸರಿಯಾಯಿತು. ಇನ್ನು ಅದು ಕೊಡುವ ಅಂಕಿಯನ್ನು ಓದುವ ಬಗೆ. ನನ್ನ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ, ಪಿಎಚ್ ಎಂಬುದು ಕೈಶಿಲ್ಕು. ಕ್ಷಾರತೆ ಎಂಬುದು ಬ್ಯಾಂಕಿನಲ್ಲಿರುವ ಠೇವಣಿ. ಕೈಶಿಲ್ಕು ಬೆಳಿಗ್ಗೆ ಒಂದು, ಸಂಜೆ ಒಂದು ಇರುತ್ತದೆ. ಅದನ್ನು ನೋಡಿ ಅಂಗಡಿ ಲಾಭದಲ್ಲಿದೆಯೋ ನಷ್ಟದಲ್ಲಿದೆಯೋ ಹೇಳಲಾಗದು. ತೊಟ್ಟಿಯಲ್ಲಿ ದೀಪ ಉರಿಯುವಾಗ ಪಾಚಿಗಳೂ, ಹವಳದ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿಗಳೂ ಇಂಗಾಲಾಮ್ಲವನ್ನು ಉಣ್ಣುತ್ತವೆ, ಪಿಎಚ್ ಏರುತ್ತದೆ. ದೀಪ ಆರಿದ ಮೇಲೆ ಎಲ್ಲವೂ ಉಸಿರು ಬಿಡುತ್ತವೆ, ಉಣ್ಣುವವರಿಲ್ಲ, ಪಿಎಚ್ ಇಳಿಯುತ್ತದೆ. ಅತಿ ಕಡಿಮೆ ಇರುವುದು ಮುಂಜಾನೆ ದೀಪ ಹತ್ತುವ ಮೊದಲು. ಅತಿ ಹೆಚ್ಚು ಇರುವುದು ದೀಪ ಆರುವ ಮೊದಲು. ಆದುದರಿಂದ ನಿನ್ನೆ ಸಂಜೆಯ ಅಂಕಿಯನ್ನು ಇಂದಿನ ಬೆಳಗಿನ ಅಂಕಿಯ ಜತೆ ಹೋಲಿಸಿ ಗಾಬರಿಯಾಗುವುದು ಸಲ್ಲದು. ಬೆಳಗನ್ನು ಬೆಳಗಿನ ಜತೆಗೆ, ಸಂಜೆಯನ್ನು ಸಂಜೆಯ ಜತೆಗೆ ಹೋಲಿಸಬೇಕು.

ಠೇವಣಿಯನ್ನು, ಅಂದರೆ ಕ್ಷಾರತೆಯನ್ನು, ಹನಿ ಹಾಕಿ ಬಣ್ಣ ನೋಡುವ ಪರೀಕ್ಷೆಯಿಂದ ತಿಳಿಯಬೇಕು. ಕಡಲ ನೀರಿನದು ಸುಮಾರು ಏಳು ಜರ್ಮನ್ ಡಿಗ್ರಿ. ತೊಟ್ಟಿಗಳಲ್ಲಿ ಏಳರಿಂದ ಹನ್ನೊಂದರ ನಡುವೆ ಇಡುವುದು ರೂಢಿ. ಎಷ್ಟಿದೆ ಎಂಬುದಕ್ಕಿಂತ ಒಂದೇ ಸಮನಾಗಿ ಇರುವುದು ಮುಖ್ಯ. ಯಂತ್ರ ಸರಿಯಾಗಿ ದುಡಿಯುತ್ತಿದೆಯೇ ಎಂಬುದನ್ನು ತೀರ್ಮಾನಿಸುವುದು ಈ ಅಂಕಿ, ಪಿಎಚ್ ಅಲ್ಲ. ಕ್ಷಾರತೆ ವಾರವಿಡೀ ಸ್ಥಿರವಾಗಿದ್ದರೆ ಗುಳ್ಳೆಯನ್ನೂ ಹನಿಯನ್ನೂ ಮುಟ್ಟಬೇಡಿ. ಇಳಿಯುತ್ತಿದ್ದರೆ ಗುಳ್ಳೆಯನ್ನಾಗಲಿ ಹನಿಯನ್ನಾಗಲಿ ಒಂದಿಷ್ಟು ಹೆಚ್ಚಿಸಿ. ಎರಡನ್ನೂ ಒಟ್ಟಿಗೆ ಬೇಡ. ಯಾವುದರಿಂದ ಏನಾಯಿತೆಂದು ತಿಳಿಯದೆ ಹೋಗುತ್ತದೆ. ಹೆಚ್ಚಿಸಿದ ಮೇಲೆ ಎರಡು ದಿನ ಕಾಯಿರಿ.

ಯಂತ್ರದಿಂದ ಹೊರಬರುವ ನೀರಿನ ಪಿಎಚ್ ಅಳೆಯುವಾಗಲೂ ಒಂದು ಎಚ್ಚರಿಕೆ. ಬಟ್ಟಲಿಗೆ ಹಿಡಿದು ಬೇರೆ ಕೆಲಸ ಮುಗಿಸಿ ಬಂದು ಅಳೆದರೆ, ಮುಚ್ಚಳ ತೆಗೆದಿಟ್ಟ ಸೋಡಾದಂತೆ ಅದರ ಅನಿಲ ಹಾರಿ ಅಂಕಿ ಮೇಲೇರಿರುತ್ತದೆ. ಹಿಡಿದ ಕೂಡಲೇ ಅಳೆಯಿರಿ, ಅಥವಾ ಪ್ರೋಬನ್ನು ಕೊಳವೆಯೊಳಗೇ ಇಡಿ.

ತೊಟ್ಟಿಯ ಪಿಎಚ್ ನಿಜವಾಗಿಯೂ ಕಡಿಮೆ ಇದ್ದರೆ? ಬೆಳಿಗ್ಗೆ ೭.೭, ಸಂಜೆ ೭.೯ ಎಂದುಕೊಳ್ಳಿ. ತಕ್ಷಣ ಯಂತ್ರವನ್ನು ಬಯ್ಯುವುದು ವಾಡಿಕೆ. ತಪ್ಪು ಯಂತ್ರದ್ದೂ ಇರಬಹುದು, ಕೋಣೆಯದೂ ಇರಬಹುದು. ಹೊರಗಿನ ಗಾಳಿಯಲ್ಲಿ ಇಂಗಾಲಾಮ್ಲ ಹತ್ತು ಲಕ್ಷಕ್ಕೆ ಸುಮಾರು ೪೨೦ ಪಾಲು. ಕಿಟಕಿ ಮುಚ್ಚಿ ಏರ್‌ಕಂಡೀಶನ್ ಹಾಕಿ ನಾಲ್ಕು ಜನ ಕುಳಿತ ಕೋಣೆಯಲ್ಲಿ ಅದು ಸಾವಿರ ದಾಟುವುದು ಸಹಜ. ತೊಟ್ಟಿ ಉಸಿರಾಡುವುದು ಆ ಗಾಳಿಯನ್ನೇ. ಪರೀಕ್ಷೆ ಸುಲಭ, ಖರ್ಚಿಲ್ಲ. ತೊಟ್ಟಿಯ ಒಂದು ಲೋಟ ನೀರಿನ ಪಿಎಚ್ ಬರೆದುಕೊಳ್ಳಿ. ಅದನ್ನು ಗ್ಯಾಲರಿಗೆ ಒಯ್ದು ಸಣ್ಣ ಗಾಳಿ ಪಂಪಿನಿಂದ ಹೊರಗಿನ ಗಾಳಿಯನ್ನು ಒಂದು ತಾಸು ಹಾಯಿಸಿ ಮತ್ತೆ ಅಳೆಯಿರಿ. ಇನ್ನೊಂದು ಲೋಟಕ್ಕೆ ಕೋಣೆಯ ಗಾಳಿಯನ್ನೇ ಹಾಯಿಸಿ. ಹೊರಗೆ ಏರಿ, ಒಳಗೆ ಏರದಿದ್ದರೆ ದೋಷ ಕೋಣೆಯ ಗಾಳಿಯದು. ಕಿಟಕಿ ತೆರೆಯುವುದೇ ಮದ್ದು. ಎರಡರಲ್ಲಿಯೂ ಏರಿದರೆ ತೊಟ್ಟಿಯಲ್ಲಿ ಗಾಳಿಯಾಟ ಸಾಲದು, ಅಥವಾ ಯಂತ್ರದಿಂದ ಖರ್ಚಾಗದೆ ಉಳಿದ ಅನಿಲ ಹೆಚ್ಚಾಗಿ ಬರುತ್ತಿದೆ. ಆಗ ಯಂತ್ರದ ಮುಂದೆ ಹರಳು ತುಂಬಿದ ಎರಡನೆಯ ಕೊಳವೆ ಜೋಡಿಸುತ್ತಾರೆ. ಉಳಿದ ಹುಳಿ ಅಲ್ಲಿಯೇ ಖರ್ಚಾಗುತ್ತದೆ. ರಾತ್ರಿ ಹೊತ್ತು ಸುಣ್ಣದ ತಿಳಿಯನ್ನು ಹನಿ ಹನಿಯಾಗಿ ಬಿಡುವ ಕ್ರಮವೂ ಇದೆ. ಆದರೆ ಪಿಎಚ್ ಏರಿಸುವ ಪುಡಿಗಳನ್ನು ಅಂಗಡಿಯಿಂದ ತಂದು ಸುರಿಯುವುದು ಮಾತ್ರ ಬೇಡ. ಅದರಿಂದ ಕೈಶಿಲ್ಕು ಒಂದು ತಾಸು ಚೆಂದ ಕಂಡು, ಠೇವಣಿಯ ಲೆಕ್ಕವೇ ಕೆಡುತ್ತದೆ.

ಸಿಲಿಂಡರಿನ ವಿಷಯ ಹೇಳದಿದ್ದರೆ ನನ್ನ ಭಾಷಣ ಅಪೂರ್ಣ. ಅದರಲ್ಲಿ ಅನಿಲ ದ್ರವರೂಪದಲ್ಲಿರುತ್ತದೆ. ೩೦ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಒಳಗಿನ ಒತ್ತಡ ವಾತಾವರಣದ ಒತ್ತಡದ ಎಪ್ಪತ್ತು ಪಟ್ಟು. ಅದನ್ನು ನಿಲ್ಲಿಸಿ ಸರಪಳಿಯಿಂದ ಗೋಡೆಗೆ ಬಿಗಿಯಬೇಕು. ಮಲಗಿಸಕೂಡದು, ಬಿಸಿಲಿಗೆ ಇಡಕೂಡದು. ದ್ರವ ಇರುವ ತನಕ ಒತ್ತಡದ ಮುಳ್ಳು ಹೆಚ್ಚು ಕಡಿಮೆ ಒಂದೇ ಕಡೆ ನಿಂತಿದ್ದು, ತೀರುವ ಹೊತ್ತಿಗೆ ಒಮ್ಮೆಲೇ ಬೀಳುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯಲು ತೂಗಿ ನೋಡುವುದೊಂದೇ ದಾರಿ. ಈ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಗಾಳಿಗಿಂತ ಭಾರವಾದುದರಿಂದ ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ತಲೆ ತೂರಿಸಿ ಕೆಲಸ ಮಾಡುವವನ ಮೂಗು ಇರುವುದು ಆ ತಗ್ಗಿನಲ್ಲೇ. ಗಾಳಿಯಲ್ಲಿ ನೂರಕ್ಕೆ ಐದು ಪಾಲಾದರೆ ತಲೆನೋವು, ಏದುಸಿರು. ಹತ್ತು ಪಾಲಾದರೆ ಪ್ರಜ್ಞೆ ತಪ್ಪುತ್ತದೆ. ಕಪಾಟಿನ ಬಾಗಿಲು ತೆರೆದು ಸ್ವಲ್ಪ ಹೊತ್ತು ಬಿಟ್ಟು ಕೆಲಸಕ್ಕೆ ಕೂಡಿರಿ. ಜೋಡಣೆಗಳಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ನೀಡಲ್ ವಾಲ್ವನ್ನು ಎಷ್ಟು ಬೇಕೋ ಅಷ್ಟೇ ತೆರೆದಿಡಿ. ಸೊಲೆನಾಯ್ಡ್ ಕೆಟ್ಟು ತೆರೆದೇ ಉಳಿದರೂ ಅನಿಲ ನುಗ್ಗದಂತೆ ಅದು ತಡೆಯುತ್ತದೆ.

ಕಾಯಿದೆಯ ಮಾತೂ ಒಂದಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಗೆ ೨೦೦೧ರಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳನ್ನು ಸೇರಿಸಿದರು. ಹುಲಿಗೆ ಇರುವ ಸ್ಥಾನ ಅದು. ನಮ್ಮ ದೇಶದ ಕಡಲಿನಿಂದ ಹವಳ ಕೀಳುವುದು, ಮಾರುವುದು, ಇಟ್ಟುಕೊಳ್ಳುವುದು ಅಪರಾಧ. ಸತ್ತ ಹವಳದ ತುಂಡೂ ಹಾಗೆಯೇ. ಯಂತ್ರಕ್ಕೆ ಹಾಕಲೆಂದು ದಂಡೆಯಲ್ಲಿ ಆರಿಸಿ ತರುವುದೂ ಬೇಡ, ತರಲು ಹೇಳಿದವರ ಮಾತು ಕೇಳುವುದೂ ಬೇಡ. ಹೊರದೇಶದಿಂದ ತರಿಸಿದ ಹವಳಕ್ಕೆ ಅನುಮತಿ ಪತ್ರ, ನೋಂದಣಿ ಇರಬೇಕು. ಕೆಲಸಕ್ಕೆ ಸೇರುವಾಗ ಕಾಗದಗಳಿವೆಯೇ ಎಂದು ವಿನಯದಿಂದ ಕೇಳಿ. ಕೇಳಿದ್ದಕ್ಕೆ ಸಿಟ್ಟಾಗುವ ಕಡೆ ಪಗಾರ ಎಷ್ಟಿದ್ದರೂ ಅದು ನಮ್ಮ ಕೆಲಸವಲ್ಲ.

ಇನ್ನು ಪುಸ್ತಕ. ಇನ್ನೂರು ಪುಟದ ಒಂದು ನೋಟುಬುಕ್ಕು ಸಾಕು. ಎಂಟು ಅಂಕಣ ಗೀಚಿ: ತಾರೀಖು, ವೇಳೆ, ತೊಟ್ಟಿಯ ಪಿಎಚ್, ಯಂತ್ರದೊಳಗಿನ ಪಿಎಚ್, ನಿಮಿಷಕ್ಕೆ ಗುಳ್ಳೆ, ನಿಮಿಷಕ್ಕೆ ಹೊರಬರುವ ನೀರಿನ ಅಳತೆ, ಕ್ಷಾರತೆ, ಮತ್ತು ಷರಾ. ಷರಾದಲ್ಲಿ ಪ್ರೋಬ್ ಸರಿಮಾಡಿದ ದಿನ, ಸಿಲಿಂಡರಿನ ತೂಕ, ಬದಲಾಯಿಸಿದ್ದೇನು, ಯಾರು ಹೇಳಿದ್ದರಿಂದ ಎಂದು ಬರೆಯಿರಿ. ತಿದ್ದುವುದಾದರೆ ಅಳಿಸಬೇಡಿ, ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆದು ಸಹಿ ಮಾಡಿ. ತಿಂಗಳಿಗೊಮ್ಮೆ ಮಾಲೀಕರಿಂದಲೂ ಸಹಿ ಹಾಕಿಸಿಕೊಳ್ಳಿ. ಕನ್ನಡದಲ್ಲಿಯೇ ಬರೆಯಿರಿ, ಸಂಕೋಚವಿಲ್ಲ. ಅಂಕಿಗಳು ಎಲ್ಲರಿಗೂ ಅರ್ಥವಾಗುತ್ತವೆ.

ಈ ಪುಸ್ತಕದ ಬೆಲೆ ಎರಡು ಬಗೆಯದು. ಒಂಟಿ ಅಂಕಿ ಎಂದಿಗೂ ನಿಜ ಹೇಳಲಾರದು. ಅಂಕಿಗಳ ಸಾಲು ಹೇಳುತ್ತದೆ. ಬೆಳಗಿನ ಪಿಎಚ್ ಮೂರು ವಾರದಿಂದ ಕೂದಲೆಳೆಯಷ್ಟೇ ಇಳಿಯುತ್ತ ಬಂದಿರುವುದು ದಿನದ ನೋಟಕ್ಕೆ ಕಾಣದು, ಪುಟ ತಿರುವಿದರೆ ಕಾಣುತ್ತದೆ. ಕಂಟ್ರೋಲರ್ ೬.೬ ಎನ್ನುತ್ತಿದ್ದರೂ ಅಷ್ಟೇ ಗುಳ್ಳೆ, ಅಷ್ಟೇ ಹನಿಗೆ ಕ್ಷಾರತೆ ಕುಸಿಯುತ್ತಿದ್ದರೆ ಪ್ರೋಬ್ ಸುಳ್ಳು ಹೇಳುತ್ತಿರಬಹುದೆಂದು ಪ್ರಾಣಿ ಸಾಯುವ ಮೊದಲೇ ತಿಳಿಯುತ್ತದೆ. ಎರಡನೆಯದು, ನೀವು ಬರೆದಿಟ್ಟದ್ದು ನಿಮ್ಮ ಸಾಕ್ಷಿ. ಹೊಸ ಪ್ರೋಬ್ ಬೇಕೆಂದು ಹೇಳಿದ ತಾರೀಖು ಅಲ್ಲಿದ್ದರೆ, ತರಿಸದೆ ಇದ್ದವರು ಯಾರೆಂದು ನೀವು ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ಮಾತು ಬಲ್ಲ ಮಾಲೀಕನ ಎದುರು ಮಾತು ಬಾರದ ಕೆಲಸಗಾರನಿಗೆ ಕಿರ್ದಿಗಿಂತ ಒಳ್ಳೆಯ ವಕೀಲ ಇಲ್ಲ.

ಕೊನೆಯದಾಗಿ ಒಂದು ಮಾತು. ಮರೀನ್ ಡ್ರೈವಿನಲ್ಲಿ ೧೯೫೧ರಲ್ಲಿ ತೆರೆದ ತಾರಾಪೋರವಾಲಾ ಮತ್ಸ್ಯಾಲಯ ಈ ಊರಿನ ತಲೆಮಾರುಗಳಿಗೆ ಕಡಲೊಳಗಿನ ಲೋಕವನ್ನು ಗಾಜಿನ ಆಚೆ ತೋರಿಸಿತು. ಈಗ ಆ ಗಾಜಿನೊಳಗಿನ ಪಾಠವೇ ಇಡೀ ಕಡಲಿಗೆ ಬಂದಿದೆ. ಕಾರಖಾನೆ, ಮೋಟಾರುಗಳು ಉಗುಳಿದ ಇಂಗಾಲಾಮ್ಲದ ಒಂದು ದೊಡ್ಡ ಪಾಲನ್ನು ಕಡಲು ಹೀರಿಕೊಂಡಿದೆ. ಯಂತ್ರಯುಗಕ್ಕೆ ಮುಂಚೆ ಸುಮಾರು ೮.೨ ಇದ್ದ ಮೇಲ್ನೀರಿನ ಪಿಎಚ್ ಈಗ ಸುಮಾರು ೮.೧. ಬರೀ ೦.೧ ಎನ್ನಬೇಡಿ; ಹುಳಿಯ ಲೆಕ್ಕದಲ್ಲಿ ಅದು ನೂರಕ್ಕೆ ಇಪ್ಪತ್ತಾರರಷ್ಟು ಏರಿಕೆ. ನೀರು ಹುಳಿಯಾದಷ್ಟೂ ಹವಳಕ್ಕೆ ಮನೆ ಕಟ್ಟುವುದು ಕಷ್ಟ. ಜತೆಗೆ ಕಡಲು ಕಾಯುತ್ತಿದೆ. ಲಕ್ಷದ್ವೀಪದ ಹವಳಗಳು ೧೯೯೮, ೨೦೧೦, ೨೦೧೬ ಮತ್ತು ೨೦೨೪ರಲ್ಲಿ ಬಿಸಿಗೆ ಬಿಳಿಚಿದವು. ತೊಟ್ಟಿಯಲ್ಲಾದರೆ ಕಿಟಕಿ ತೆರೆಯಬಹುದು, ಗುಳ್ಳೆ ತಗ್ಗಿಸಬಹುದು. ಕಡಲಿಗೆ ಅಂಥ ಕಿಟಕಿ ಇಲ್ಲ. ಯಾರದೋ ಮನೆಯ ತೊಟ್ಟಿಯ ಮುಂದೆ ಕುಳಿತು ೮.೧ ಎಂದು ಬರೆಯುವ ನಮ್ಮ ತರುಣ, ವಿಜ್ಞಾನಿಗಳು ಮಹಾಸಾಗರಗಳಲ್ಲಿ ಬರೆದಿಡುತ್ತಿರುವ ಅಂಕಿಯನ್ನೇ ಬರೆಯುತ್ತಿದ್ದಾನೆ. ಅವನ ಕೆಲಸ ಸಣ್ಣದಲ್ಲ.

ಮೇಲೆ ಹೇಳಿದ ಎಂಟು ಅಂಕಣಗಳ ನಮೂನೆಯನ್ನು ಗೀಚಿ ವಾಚನಾಲಯದ ಸೂಚನಾ ಫಲಕಕ್ಕೆ ಹಚ್ಚಿದ್ದೇನೆ. ಬೇಕಾದವರು ನಕಲು ಮಾಡಿಕೊಳ್ಳಬಹುದು. ಕೈಪಿಡಿಗಳನ್ನು ತಂದರೆ ರವಿವಾರ ಸಂಜೆ ಐದರಿಂದ ಏಳರವರೆಗೆ ಕೂಡಿ ಓದೋಣ.